ಅಕ್ಕನ ಪದಕದ ಕೊಂಡಿ

ರಾಷ್ಟ್ರಪತಿಗಳ ಮುಖವಿರುವ ಬಿಲ್ಲೆ, ಸ್ಮರಣ ಪದಕಗಳನ್ನು ಕೂಡಿಡುವ ಹುಚ್ಚು ನನಗೆ ಹಿಡಿದು ಇಪ್ಪತ್ತು ವರ್ಷದ ಮೇಲಾಯಿತು. ನಮ್ಮೂರು ಶನಿವಾರಸಂತೆಯಲ್ಲಿ ಸಂತೆಯ ದಿನ ಜನರೆಲ್ಲ ಬದನೆಕಾಯಿ ಆರಿಸುತ್ತಿದ್ದರೆ ನಾನು ಗುಜರಿಯವನ ಹಿತ್ತಾಳೆ ರಾಶಿ ಕೆದಕುತ್ತಿರುತ್ತೇನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಹಿಟ್ಟಿಗೇನೂ ಕೊರತೆಯಾಗಿಲ್ಲ. ತರಕಾರಿ ಮರೆತು ಬರಿಚೀಲ ತಂದದ್ದು ಮಾತ್ರ ನಿಜ.

ನನಗೆ ಎಲ್ಲಿಯೂ ಸಿಗದ ಪದಕವೊಂದು ನನ್ನ ಅಕ್ಕನ ಕೊರಳಲ್ಲೇ ಇತ್ತು. ಭಾವ ಮಿಲಿಟರಿಯಲ್ಲಿ ಫಿಟ್ಟರ್ ಆಗಿದ್ದವರು. ಅವರ ವರ್ಕ್‌ಶಾಪಿಗೆ ರಾಷ್ಟ್ರಪತಿಗಳು ಬಂದಾಗ ಅಲ್ಲಿದ್ದವರಿಗೆ ಹಂಚಿದ ಬೆಳ್ಳಿಯ ಪದಕ ಅದು. ಅದರ ನೆತ್ತಿಗೆ ಬೆಸೆದ ಕೊಂಡಿಯೊಂದಿತ್ತು, ಅದರಲ್ಲಿ ಕರಿದಾರ ಪೋಣಿಸಿತ್ತು. ಭಾವ ತೀರಿಕೊಂಡ ಮೇಲೂ ಅಕ್ಕ ಅದನ್ನು ತೆಗೆದಿರಲಿಲ್ಲ. ಏನಾದರೂ ಯೋಚಿಸುವಾಗ ಹೆಬ್ಬೆರಳಲ್ಲಿ ಅದನ್ನು ಸವರುತ್ತಾ ಕೂರುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ರಾಷ್ಟ್ರಪತಿಗಳ ಮೂಗು ಸವೆದುಹೋದರೆ ಗತಿಯೇನು? ನನಗೆ ಕೊಡು ಎಂದು ಎಷ್ಟೋ ಸಲ ಕೇಳಿದ್ದೆ. ನಾನು ಸತ್ತ ಮೇಲೆ ತಗೋ ಎಂದು ನಕ್ಕುಬಿಡುತ್ತಿದ್ದಳು.

ಕಳೆದ ವರ್ಷ ಮಡಿಕೇರಿಯಲ್ಲಿ ಸಂಗ್ರಾಹಕರ ಪ್ರದರ್ಶನ ನಡೆಯಿತು. ಎರಡು ದಿನದ ಮಟ್ಟಿಗೆ ಕೊಡೆಂದು ದುಂಬಾಲು ಬಿದ್ದೆ. ಅವಳಿಗೆ ಮನಸ್ಸಿರಲಿಲ್ಲ. ಕಡೆಗೆ ದಾರ ಬಿಚ್ಚಿ ನನ್ನ ಕೈಗಿಟ್ಟು, "ಹೆಂಗೈತೋ ಹಂಗೇ ತಂದ್ಕೊಡ್ಬೇಕು" ಅಂದಳು. ನಾನು ಆಗಲಿ ಅಂದೆ.

ಮನೆಗೆ ತಂದು ಭೂತಗನ್ನಡಿಯಲ್ಲಿ ನೋಡಿದೆ. ಮುಖ ನಾನು ಹೆದರಿದಷ್ಟು ಸವೆದಿರಲಿಲ್ಲ. ಕಣ್ಣಿಗೆ ಚುಚ್ಚಿದ್ದು ಕೊಂಡಿ. ಸೊಟ್ಟಗೆ ಕೂತಿತ್ತು, ಬೆಸುಗೆ ಗಡ್ಡೆ ಕಟ್ಟಿತ್ತು. ಯಾವ ಅರೆಬರೆ ಕಸುಬಿನವನು ಹಾಕಿದನೋ ಎಂದು ಬೈದುಕೊಂಡೆ. ಪದಕ ಅಚ್ಚಿನಿಂದ ಹೊರಬಂದ ಹಾಗೆಯೇ ಇರಬೇಕು ಎನ್ನುವುದು ನಮ್ಮ ಸಂಗ್ರಾಹಕರ ಶಾಸ್ತ್ರ. ಬೆಸೆದದ್ದನ್ನು ಕೀಳಿಸುವುದೂ ಆ ಶಾಸ್ತ್ರಕ್ಕೆ ವಿರುದ್ಧವೇ. ಗೊತ್ತಿದ್ದೂ ಪೇಟೆಯಲ್ಲಿ ಬೆಳ್ಳಿ ಕೆಲಸ ಮಾಡುವ ಆಚಾರಿಯ ಹತ್ತಿರ ಹೋಗಿ ಕೊಂಡಿ ತೆಗೆಸಿ, ಅರದಲ್ಲಿ ಉಜ್ಜಿಸಿ ನುಣುಪು ಮಾಡಿಸಿದೆ. ಅಕ್ಕನಿಗೆ ಬೇಕಾದರೆ ಆಮೇಲೆ ಚಂದದ ಕೊಂಡಿ ಹಾಕಿಸಿಕೊಟ್ಟರಾಯಿತು, ಸಂತೋಷವನ್ನೇ ಪಡುತ್ತಾಳೆ ಎಂದು ಲೆಕ್ಕ ಹಾಕಿದ್ದೆ.

ಪ್ರದರ್ಶನದಲ್ಲಿ ತೀರ್ಪುಗಾರರು ಅಂಚಿನ ಮೇಲಿನ ಅರದ ಗೀರನ್ನು ಒಂದೇ ನೋಟಕ್ಕೆ ಹಿಡಿದು ಪದಕವನ್ನು ಸ್ಪರ್ಧೆಯಿಂದ ಹೊರಗಿಟ್ಟರು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಬಸ್ಸು ಹತ್ತಿದೆ.

ಅಕ್ಕ ಅಂಗಳದಲ್ಲಿ ಮೆಣಸು ಒಣಗಲು ಹರವುತ್ತಿದ್ದಳು. ಕೈ ಒರೆಸಿಕೊಂಡು ಪದಕ ತೆಗೆದುಕೊಂಡಳು. ಹೆಬ್ಬೆರಳು ತಾನಾಗಿ ನೆತ್ತಿಯ ಕಡೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಮುಖ ಸವೆದಿಲ್ಲ ನೋಡು, ಕೊಂಡಿ ಸೊಟ್ಟಗಿತ್ತು, ಅದಕ್ಕೇ ತೆಗೆಸಿದೆ ಎಂದು ನಾನೇ ಬಡಬಡಿಸಿದೆ.

"ಮೆಡಲ್ ಸರ್ಕಾರದ್ದು ಕಣೋ. ಅಂಥವು ಎಷ್ಟ್ ಜನಕ್ಕೆ ಕೊಟ್ಟಿದ್ರೋ ಏನೋ," ಅಂದಳು. "ಕೊಂಡಿ ಅವ್ರು ಮಾಡಿದ್ದು. ಮದ್ವೆ ಆದ್ ವರ್ಷ, ನಂಗೆ ಕೊಡಕ್ಕೆ ಅಂತ, ಬೆರಳು ಸುಟ್ಕೊಂಡು."

ಅವಳು ಅಷ್ಟು ವರ್ಷ ಸವರುತ್ತಿದ್ದದ್ದು ಆ ಬೆಸುಗೆಯ ಗಡ್ಡೆಯನ್ನು. ಅದನ್ನು ಹಾಕಿದ್ದು ಯಾರೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಅವಳ ಕೈಯಿಂದ ಪದಕ ಇಸಿದುಕೊಂಡು ಅಂದೇ ಆಚಾರಿಯ ಹತ್ತಿರ ಓಡಿದೆ. ಹಳೆಯ ಕೊಂಡಿ ಬೇರೆ ಚೂರುಗಳ ಜೊತೆ ಮೂಸೆಗೆ ಬಿದ್ದು ಕರಗಿಹೋಗಿತ್ತು. ಅವನು ಪಾಪ, ಹೊಸದೊಂದನ್ನು ಮಾಡಿ, ಕೂದಲೆಳೆಯಷ್ಟೂ ಓರೆಯಿಲ್ಲದಂತೆ ಕೂರಿಸಿಕೊಟ್ಟ.

ಮಾರನೆಯ ದಿನ ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಚೆನ್ನಾಗಿ ಮಾಡಿದ್ದಾನೆ ಅಂದಳು. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲೆ ನನ್ನ ಅಂಗೈ ಬಿಡಿಸಿ ಪದಕವನ್ನು ಅದರಲ್ಲಿಟ್ಟು ಬೆರಳು ಮುಚ್ಚಿದಳು.

"ನೀನೇ ಇಟ್ಕೊ. ನಿಂಗೆ ಬೇಕಿತ್ತಲ್ಲ."

ಪದಕವನ್ನು ಜೇಬಿಗೆ ಹಾಕಿಕೊಂಡೆ. ನಾಚಿಕೆಗೆಟ್ಟವನು, ತಂದು ಇಟ್ಟುಕೊಂಡಿದ್ದೇನೆ.