ಐರಿಷ್ ಅಜ್ಜನ ಊರಿನ ಸುದ್ದಿ

ಆಸ್ಟ್ರೇಲಿಯಾದ ವೆರಿಬೀಯಲ್ಲಿ ಒಬ್ಬ ಐರಿಷ್ ಅಜ್ಜನ ಮನೆಗೆ ಇಂಟರ್ನೆಟ್ ಹಾಕಿಕೊಡಲು ಹೋಗಿದ್ದೆ. ಟೆಸ್ಟ್ ಮಾಡೋಣ ಎಂದು ಅವರು ಐರ್ಲೆಂಡಿನಲ್ಲಿರುವ ತಮ್ಮ ಪುಟ್ಟ ಊರಿನ ಪಬ್ಬಿಗೇ ವಿಡಿಯೋ ಕಾಲ್ ಮಾಡಿದರು. ಕೋಟೆ ಬಿದ್ದು, ಉಣ್ಣೆ ಮಿಲ್ಲು ಮುಚ್ಚಿ, ಜನರೆಲ್ಲ ಹಡಗು ಹತ್ತಿದ ಮೇಲೂ ಉಳಿದದ್ದು ಆ ಪಬ್ಬೊಂದೇ ಅಂತೆ.

ವಿಡಿಯೋ ಸ್ಟಕ್ ಆಯಿತು. “ಎಂತ ಸಾವು ಮಾರಾಯ್ರೆ!” ಎಂದು ಗೊಣಗಿದೆ.

“ಹೋಯ್, ನೀವು ಉಡುಪಿ ಬದಿಯವರಾ? ಯಾರ ಮನೆ?” ಎಂದು ಆ ಕಡೆಯಿಂದ ದನಿ ಬಂತು. ಪಬ್ಬಿನ ಕೌಂಟರಿನಲ್ಲಿದ್ದವನು ಕುಂದಾಪುರದವನು!

ಅತ್ತೆಯ ಗಂಡನ ಕಡೆಯಿಂದ ಒಂದು ಸಂಬಂಧ ಸಿಗುವವರೆಗೆ ನಾವಿಬ್ಬರೂ ಬಿಡಲಿಲ್ಲ. ಅಜ್ಜ ಪಾಪ, ತಮ್ಮೂರಿನ ಸುದ್ದಿಗಾಗಿ ನನ್ನ ತೋಳು ಜಗ್ಗುತ್ತಿದ್ದರು. “ಚರ್ಚಿನ ಹಿಂದಿನ ನಮ್ಮ ಮನೆಯಲ್ಲಿ ಈಗ ಯಾರಿದ್ದಾರೆ ಕೇಳು.”

ಕೇಳಿದೆ.

“ನಾವೇ ಇರುದು. ಮಳೆ ಬಂದ್ರೆ ಮಾಡು ಸೋರ್ತದೆ, ಎಷ್ಟು ರಿಪೇರಿ ಮಾಡಿದ್ರೂ ನಿಲ್ಲುದಿಲ್ಲ.”

ಇಂಗ್ಲಿಷಿನಲ್ಲಿ ಹೇಳಿದೆ. ಅಜ್ಜನ ಮುಖ ಅರಳಿತು.

“ಸೋರುತ್ತಿದೆಯಾ? ಹಾಗಾದರೆ ಅದು ನಮ್ಮ ಮನೆಯೇ!”