ದುಂಡೇಶನ ಹುಬ್ಬಳ್ಳಿ ತಯಾರಿ
ದಾಂಡೇಲಿಯ ದುಂಡೇಶನನ್ನು ಯಾರೇ ಮಾತಾಡಿಸಲಿ, ಮಾತು ಹುಬ್ಬಳ್ಳಿಯ ರೈಲು ಮ್ಯೂಸಿಯಮ್ಮಿಗೇ ಹೋಗಿ ನಿಲ್ಲುತ್ತದೆ. ಪೇಪರ್ ಮಿಲ್ಲಿನ ಗದ್ದಲದಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಈಗ ಫ್ಯಾನಿನ ಕಿರ್‌ಕಿರ್ ಕೂಡ ದೊಡ್ಡ ಸುದ್ದಿ. ಯಾಕೆಂದರೆ ಆಟಿಸಂ ಇರುವ ಮಗಳು ಮಧುಮತಿ ದಿನವಿಡೀ ರೈಲಿನ ಗಾಲಿಗಳ ಚಿತ್ರ ಬರೆಯುತ್ತಾಳೆ, ಹಠಾತ್ ಸದ್ದಾದರೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂತುಬಿಡುತ್ತಾಳೆ. "ಮುಂದಿನ ತಿಂಗಳ ಹೋಗೂಣು" ಎಂದು ಅವನು ಹೇಳತೊಡಗಿ ಮೂರು ವರ್ಷವಾಯಿತು. ವಾರಕ್ಕೊಮ್ಮೆ ಮ್ಯೂಸಿಯಮ್ಮಿಗೆ ಫೋನು: "ಮಂದಿ ಕಡಿಮಿ ಇರೂ ದಿನಾ ಯಾವ್ದ್ರಿ? ಸೀಟಿ ಊದ್ತೀರೇನ್ರಿ?" ರವಿವಾರ ಮನೆಯಲ್ಲೇ ತಾಲೀಮು: ಹೆಂಡತಿ ಶಂಕ್ರೆವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ಟಿಕೀಟು ಹರಿಯಬೇಕು, ಮಗಳು ಒಳಗೆ ಬರಬೇಕು. "ನನ್ನ ಒಲಿ ನೋಡಾಕೂ ಟಿಕೀಟ ಏನ್ರಿ?" ಎಂದು ಆಕೆ ನಗುತ್ತಾಳೆ. ರಜೆ ಹಾಕಿ ಒಬ್ಬನೇ ನಾಲ್ಕು ಸಲ ಹುಬ್ಬಳ್ಳಿಗೆ ಹೋಗಿ ಬಂದಿದ್ದಾನೆ. ಮೆಟ್ಟಿಲೆಷ್ಟು, ನೆರಳಿನ ಬೆಂಚು ಎಲ್ಲಿ, ಎಲ್ಲ ಬಾಯಿಪಾಠ. ಆದರೆ ಅಲ್ಲಿ ತಲೆ ತಗ್ಗಿಸಿಕೊಂಡೇ ತಿರುಗುತ್ತಾನೆ. ಕಡೆಯ ಸಲ ಕಾವಲುಗಾರ ಕೇಳಿಯೇಬಿಟ್ಟ: "ಇಷ್ಟ್ ಸಲ ಬಂದೀರಿ, ಒಂದೂ ಎಂಜಿನ್ ನೋಡಿಲ್ಲಲ್ರಿ?" ದುಂಡೇಶ ನೆಲ ನೋಡುತ್ತಲೇ ಹೇಳಿದ: "ಮಗಳ ಜೋಡಿ ಮೊದಲನೇ ಸಲ ನೋಡಬೇಕಂತ ಉಳಿಸಿಟ್ಟೇನ್ರಿ."