ಸ್ವಇಚ್ಛೆಯಿಂದ ಬಿಟ್ಟ ಸೀಟು

ನನ್ನನ್ನು ವಿಮಾನಕ್ಕೆ ಹತ್ತಿಸಿಕೊಳ್ಳಲಿಲ್ಲ ಎಂದು ಎರಡು ತಿಂಗಳು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ನಾಗಮಂಗಲದ ನೆಂಟರಿಗೆ ಹೇಳಿದೆ. ಕೆ.ಆರ್.ಪೇಟೆಯಲ್ಲಿ ನಾನು ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದ ಹೈಸ್ಕೂಲಿನ ಸ್ಟಾಫ್ ರೂಮಿಗೂ ಹೋಗಿ ಹೇಳಿದೆ. ಹೇಳಿದಷ್ಟೂ ಮಾತು ಸಲೀಸಾಯಿತು. ಕೇಳಿದವರೆಲ್ಲ ವಿಮಾನದವರಿಗೆ ಹಿಡಿಶಾಪ ಹಾಕಿದರು. ಎಲ್ಲರಿಗಿಂತ ಹೆಚ್ಚು ಹಾಕಿದವರು ಪಾಂಡವಪುರದ ನನ್ನ ಭಾವ, ತೀರಿಕೊಂಡ ಅಕ್ಕನ ಗಂಡ. ಕೊನೆಗೆ ಒಂದು ಸೋಮವಾರ ಅವರೇ ನನ್ನನ್ನು ಶ್ರೀರಂಗಪಟ್ಟಣದ ವಕೀಲರ ಹತ್ತಿರ ಎಳೆದುಕೊಂಡು ಹೋದರು.

ಆದದ್ದು ಇಷ್ಟು. ನಿವೃತ್ತ ಮೇಷ್ಟರುಗಳ ಗುಂಪಿನ ಜೊತೆ ಕಾಶಿಗೆ ಹೋಗಿದ್ದೆ. ಅಕ್ಕನಿಗೆಂದು ಒಂದು ಹಸಿರು ಸೀರೆ ಕೊಂಡು ಚೀಲಕ್ಕೆ ಹಾಕಿಕೊಂಡ ಮಾರನೆಯ ಬೆಳಗಿನ ಜಾವ ಭಾವನ ಫೋನು ಬಂತು.

"ನಿಮ್ಮಕ್ಕ ಓಗ್ಬುಟ್ಲು ಕಣ್ಲಾ. ನಾಕ್ ಗಂಟೆಗೆ ಎತ್ತಬೇಕು, ಅದ್ರೊಳಗೆ ಬಂದ್ಬುಡು. ತವರಿನ ಸೀರೆ ತರಕ್ಕೆ ನೀನಲ್ದೆ ಇನ್ಯಾರವ್ರೆ?"

ನಮ್ಮಲ್ಲಿ ಕೊಟ್ಟ ಹೆಣ್ಣುಮಗಳು ಸತ್ತರೆ ತವರಿನವರು ಹೊಸ ಸೀರೆ ತಂದು ಹೊದಿಸಬೇಕು. ಬಿಂಡಿಗನವಿಲೆ ಪಕ್ಕದ ನಮ್ಮ ಮನೆಯಲ್ಲಿ ಅಪ್ಪ, ಅವ್ವ ಹೋಗಿ, ತವರು ಅಂತ ಉಳಿದದ್ದು ನಾನೊಬ್ಬನೇ. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಫೋನು ಇಟ್ಟ ಮೇಲೆ ಅಳಬೇಕಿತ್ತು. ಬರಲಿಲ್ಲ. ಹಲ್ಲುಜ್ಜಿ, ಕಾಫಿ ಕುಡಿದು, ಲೋಟ ತೊಳೆದಿಟ್ಟೆ.

ಜೊತೆಯವರು ಟಿಕೆಟ್ ಮಾಡಿಸಿ ಕೊಟ್ಟರು. ಒಂಬತ್ತೂವರೆಯ ವಿಮಾನ. ಬೆಂಗಳೂರಿನಿಂದ ಕಾರು ಹಿಡಿದರೆ ನಾಲ್ಕಕ್ಕೆ ಸರಿಯಾಗಿ ಪಾಂಡವಪುರ. ಎಲ್ಲ ತಪಾಸಣೆ ಮುಗಿಸಿ ಗೇಟಿನ ಮುಂದೆ ಕೂತಿದ್ದಾಗ ಸಮವಸ್ತ್ರದ ಹುಡುಗಿಯೊಬ್ಬಳು ಬಂದಳು. ಇರುವ ಸೀಟಿಗಿಂತ ಒಂದು ಟಿಕೆಟ್ ಹೆಚ್ಚಿಗೆ ಹೋಗಿದೆ, ಯಾರಾದರೂ ಒಬ್ಬರು ಬಿಟ್ಟುಕೊಟ್ಟರೆ ಎರಡು ಗಂಟೆ ತಡವಾಗಿ ಹೋಗುವ ವಿಮಾನದಲ್ಲಿ ಕಳಿಸುತ್ತೇವೆ ಎಂದಳು. ಪಕ್ಕದಲ್ಲಿ ಕೂಸು ಎತ್ತಿಕೊಂಡ ಹೆಂಗಸು ನಿಂತಿದ್ದಳು. ಸೀಟು ಸಿಗದೆ ಉಳಿದವಳು ಅವಳೇ. ಯಾರೂ ತಲೆ ಎತ್ತಲಿಲ್ಲ. ಹುಡುಗಿ ನನ್ನ ಮುಖ ನೋಡಿದಳು. ನನ್ನದು ಮೇಷ್ಟ್ರ ಮುಖ, ಯಾರಿಗೆ ಏನು ಕೇಳಬೇಕಾದರೂ ಮೊದಲು ಇದೇ ಕಾಣುತ್ತದೆ.

"ಪರವಾಗಿಲ್ಲ, ನಾನು ಆಮೇಲೆ ಹೋಗ್ತೀನಿ" ಅಂದೆ.

ಮೂವತ್ತು ವರ್ಷ ನಾಗಮಂಗಲ, ಕೆ.ಆರ್.ಪೇಟೆ ಬಸ್ಸಿನಲ್ಲಿ ಓಡಾಡಿದ ಬಾಯಿ ಅದು. ಕೂಸಿನವಳು ಹತ್ತಿದರೆ ಎದ್ದುಬಿಡುವುದು, ಅದಕ್ಕೆ ಯೋಚನೆ ಬೇಕಿಲ್ಲ. ನಮ್ಮ ಬಸ್ಸಿನಲ್ಲಿ ಎದ್ದವನೂ ಕಂಬಿ ಹಿಡಿದುಕೊಂಡು ಅದೇ ಹೊತ್ತಿಗೆ ಊರು ಸೇರುತ್ತಾನೆ. ಹುಡುಗಿ ಕೊಟ್ಟ ಫಾರಮ್ಮನ್ನು ಪೂರ್ತಿ ಓದಿದೆ. ಇಂಗ್ಲಿಷ್ ಮೇಷ್ಟ್ರಿಗೆ ಅದೊಂದು ಚಟ. ಸ್ವಇಚ್ಛೆಯಿಂದ ಬಿಟ್ಟುಕೊಡುತ್ತಿದ್ದೇನೆ ಎಂದು ಬರೆದಿತ್ತು. ಎರಡು ಗಂಟೆ ತಡವಾದರೆ ನಾಲ್ಕಕ್ಕೆ ತಲುಪುವುದಿಲ್ಲ ಎಂಬ ಲೆಕ್ಕವೂ ಹೊಳೆಯಿತು. ತವರಿನ ಸೀರೆ ಬರದೆ ಹೆಣ ಎತ್ತುವುದುಂಟೆ, ಕಾಯುತ್ತಾರೆ ಬಿಡು ಎಂದುಕೊಂಡು ಸಹಿ ಹಾಕಿದೆ.

ಎರಡೇ ಗಂಟೆ ತಡ ಎಂದಿದ್ದ ವಿಮಾನ ಹೊರಟಾಗ ಮಧ್ಯಾಹ್ನ ಮೂರಾಗಿತ್ತು. ಹತ್ತುವ ಮುಂಚೆ ಭಾವನಿಗೆ ಫೋನು ಮಾಡಿ, "ಅತ್ತಿಸ್ಲಿಲ್ಲ ಭಾವ, ಸೀಟಿಗಿಂತ ಟಿಕೆಟ್ ಜಾಸ್ತಿ ಮಾರ್ಕೊಂಡವ್ರೆ. ಇನ್ನು ಕಾಯಬ್ಯಾಡಿ" ಅಂದೆ. ಒಂದು ಮಾತಷ್ಟೇ ಸುಳ್ಳು. ನಾನು ಹೋಗುವಷ್ಟರಲ್ಲಿ ತೋಟದಲ್ಲಿ ಮಣ್ಣು ಮಾಡಿ, ಎಲ್ಲರೂ ಸ್ನಾನ ಮಾಡಿ ಜಗಲಿ ಮೇಲೆ ಕೂತಿದ್ದರು. ಅಕ್ಕನ ಪೆಟ್ಟಿಗೆಯಲ್ಲಿದ್ದ ಅವಳ ಸೀರೆಯನ್ನೇ ಅವಳಿಗೆ ಹೊದಿಸಿದರಂತೆ. ತವರಿಲ್ಲದವಳ ಹಾಗೆ ಹೋದಳು ಎಂದು ಯಾರೋ ಅಂದರು. ಕೇಳಿಸಿಕೊಂಡು ಅನ್ನ ಉಂಡೆ.

ವಕೀಲರು ಸಮಾಧಾನದ ಮನುಷ್ಯ. ಟಿಕೆಟ್ ಖಾತ್ರಿಯಾಗಿ, ಹೊತ್ತಿಗೆ ಸರಿಯಾಗಿ ಹೋದವನನ್ನು ಅವನು ಒಪ್ಪದಿದ್ದರೂ ಬಿಟ್ಟುಹೋದರೆ ಅದು ತಪ್ಪು ಎಂದರು. ಒಂದು ಗಂಟೆಯೊಳಗೆ ಬೇರೆ ವಿಮಾನ ಕೊಡಬೇಕು, ಇಲ್ಲವೇ ಪರಿಹಾರ ಕೊಡಬೇಕು. ಮೊದಲು ಕಂಪನಿಗೆ ದೂರು ಬರೆಯಿರಿ, ಜಗ್ಗದಿದ್ದರೆ ಸರ್ಕಾರದ ಆನ್‌ಲೈನ್ ದೂರು ಇದೆ, ಅದಕ್ಕೂ ಬಗ್ಗದಿದ್ದರೆ ಮಂಡ್ಯದ ಗ್ರಾಹಕರ ಆಯೋಗ. ಕಾಶಿಗೆ ಅಲೆಯಬೇಕಿಲ್ಲ, ಎರಡು ವರ್ಷದೊಳಗೆ ನಮ್ಮ ಜಿಲ್ಲೆಯಲ್ಲೇ ಹಾಕಬಹುದು. ಭಾವ ಒಂದೊಂದು ಮಾತಿಗೂ "ಅಂಗನ್ನಿ ಮತ್ತೆ" ಎಂದು ತೊಡೆ ತಟ್ಟುತ್ತಿದ್ದರು. ಅಕ್ಕ ಹೋದ ಮೇಲೆ ಅವರ ಮುಖದಲ್ಲಿ ಕಳೆ ನೋಡಿದ್ದು ಅವತ್ತೇ.

ವಕೀಲರು ನನ್ನ ಕಾಗದಗಳನ್ನು ಒಂದೊಂದಾಗಿ ತಿರುವಿ ಫಾರಮ್ಮಿನ ನಕಲಿನ ಹತ್ತಿರ ನಿಂತರು.

"ಇದೊಂದು ತೊಡಕು. ತಾವಾಗಿ ಬಿಟ್ಟುಕೊಟ್ಟವರಿಗೆ ಈ ಪರಿಹಾರ ಬರೋದಿಲ್ಲ. ಇರಲಿ, ಸಾವಿನ ಗಾಬರಿಯಲ್ಲಿ ಓದದೆ ಸಹಿ ಹಾಕಿದೆ, ಅವರೂ ಬಲವಂತ ಮಾಡಿದರು ಅಂತ ಬರೀತೀನಿ. ನೀವು ಹೌದು ಅಂದ್ರೆ ಸಾಕು."

"ಔದು ಅನ್ನು ಕಣ್ಲಾ" ಎಂದರು ಭಾವ.

ಅಂದುಬಿಡಬಹುದಿತ್ತು. ಎರಡು ತಿಂಗಳಿಂದ ಅದನ್ನೇ ಅಂದುಕೊಂಡು ಬಂದಿದ್ದೆ. ಆದರೆ ಕಾಗದದ ಕೆಳಗೆ ಇನ್ನೊಂದು ಸಲ ಸಹಿ ಹಾಕಬೇಕು ಎಂದಾಗ ನನ್ನ ಕೈ ಏಳಲಿಲ್ಲ.

"ಓದಿದ್ದೆ ಸಾರ್" ಅಂದೆ. "ಯಾರೂ ಬಲವಂತ ಮಾಡಲಿಲ್ಲ. ಕೂಸಿನವಳಿಗೆ ನಾನೇ ಬಿಟ್ಟುಕೊಟ್ಟೆ."

ಭಾವ ನನ್ನ ಕಡೆ ತಿರುಗಿದರು. "ನಾಕ್ ಗಂಟೆಗೆ ಎತ್ತತೀವಿ ಅಂತ ಯೋಳಿದ್ನಲ್ಲೋ?"

"ಯೋಳಿದ್ರಿ ಭಾವ."

"ಗೊತ್ತಿದ್ದೂ ಬುಟ್ಕೊಟ್ಟಾ?"

"ಊಂ."

ವಕೀಲರು ಕಾಗದಗಳನ್ನು ಜೋಡಿಸಿ ನನ್ನ ಮುಂದಿಟ್ಟು, ಏನೋ ಕೆಲಸವಿದೆ ಎಂದು ಒಳಗೆ ಹೋದರು. ಭಾವ ಹೆಗಲ ಮೇಲಿನ ಟವೆಲ್ಲು ಮುಖಕ್ಕೆ ಹಿಡಿದುಕೊಂಡು ಆ ಬೆಂಚಿನ ಮೇಲೇ ಅಳತೊಡಗಿದರು. ಮಣ್ಣು ಮಾಡಿದ ದಿನವೂ ಅವರು ಅತ್ತಿರಲಿಲ್ಲವಂತೆ. ಎರಡು ತಿಂಗಳು ವಿಮಾನದವರನ್ನು ಬೈದುಕೊಂಡೇ ತಡೆದುಕೊಂಡಿದ್ದರು. ಈಗ ಬೈಯಲು ನಾನೊಬ್ಬನೇ ಉಳಿದಿದ್ದೆ. ನನ್ನನ್ನು ಬೈಯಲು ಅವರಿಗೆ ಬಾಯಿ ಬರಲಿಲ್ಲ.